ಶಿಕಾಗೋ ಚಳಿಯಲ್ಲಿ ಕುಂಡದ ಕರಿಬೇವು, ಮಲ್ಲಿಗೆ, ಪಾಮ್: ಉಳಿಸಿಕೊಳ್ಳೋದು ಹೇಗೆ?

ಹೂವಿನಹಡಗಲಿ ತಾಲ್ಲೂಕಿನ ಮಾಗಳದಿಂದ ಮಾತಾಡ್ತಾ ಇದ್ದೀನಿ. ನಮ್ಮೂರಲ್ಲಿ ಸೂರ್ಯನಾರಾಯಣನ ಗುಡಿ ಇದೆ, ಪಕ್ಕದಲ್ಲೇ ತುಂಗಭದ್ರೆ. ಬಿಸಿಲಿಗಂತೂ ಬರ ಇಲ್ಲ. ಇಂಥ ಊರಲ್ಲಿ ಕೂತು ಹಿಮ ಬೀಳೋ ಊರಿನ ಗಿಡಗಳ ಬಗ್ಗೆ ಮಾತಾಡ್ತೀಯಲ್ಲ ಅಂತ ನೀವು ನಗಬಹುದು. ಕಾರಣ ಇದೆ. ನಮ್ಮಕ್ಕ ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಜನವರಿಯಲ್ಲಿ ಅವಳ ಮೊದಲನೇ ಕರಿಬೇವಿನ ಗಿಡ ಸತ್ತಾಗ ವಿಡಿಯೋ ಕಾಲ್‌ನಲ್ಲಿ ಅತ್ತೇಬಿಟ್ಟಿದ್ದಳು. ಒಂದು ಗಿಡಕ್ಕೆ ಇಷ್ಟು ಯಾಕೆ ಅಂದೆ. "ನಿನಗೆ ಹಿತ್ತಲಿಗೆ ಹೋದರೆ ಸಿಗುತ್ತೆ, ನನಗೆ ಸಿಗಲ್ಲ" ಅಂದಳು. ಆಮೇಲೆ ನಾನೂ ಸ್ವಲ್ಪ ಓದಿದೆ, ಅವಳೂ ಕಲಿತಳು. ಹೊರದೇಶದಿಂದ ಇದೇ ಪ್ರಶ್ನೆ ಕೇಳುವವರು ಬಹಳ ಜನ ಇದ್ದಾರೆ, ಹಾಗಾಗಿ ಈ ಕಂತು.

ಮೊದಲು ಚಳಿ ಅಂದರೆ ಎಷ್ಟು ಅಂತ ನೋಡೋಣ. ನಮ್ಮ ಕಡೆ ಡಿಸೆಂಬರ್ ರಾತ್ರಿ ಹದಿನಾಲ್ಕು ಹದಿನೈದು ಡಿಗ್ರಿಗೆ ಇಳಿದರೆ ಸ್ವೆಟರ್ ಹುಡುಕ್ತೀವಿ. ಅಷ್ಟಕ್ಕೇ ಮಲ್ಲಿಗೆ ಇಳುವರಿ ಕುಸಿದು ಹಡಗಲಿಯಲ್ಲಿ ಹೂವಿನ ಬೆಲೆ ಏರುತ್ತೆ. ಶಿಕಾಗೋದಲ್ಲಿ 2019ರ ಜನವರಿ 30ರಂದು ಮೈನಸ್ 30 ಡಿಗ್ರಿ ದಾಟಿತ್ತು. ಅಮೆರಿಕದ ಕೃಷಿ ಇಲಾಖೆ ಇಡೀ ದೇಶವನ್ನು ಚಳಿಯ ವಲಯಗಳಾಗಿ ಭಾಗ ಮಾಡಿ ನಕ್ಷೆ ಮಾಡಿದೆ, 2023ರಲ್ಲಿ ಅದನ್ನು ಪರಿಷ್ಕರಿಸಿದರು. ಶಿಕಾಗೋ ಸುತ್ತಮುತ್ತ ಆರನೇ ವಲಯದ ಆಸುಪಾಸು. ಅಂದ್ರೆ ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಮೈನಸ್ 20ಕ್ಕೂ ಕೆಳಗೆ. ನಮ್ಮ ಗಿಡಗಳು ಅಲ್ಲಿ ನೆಲದಲ್ಲಿ ಬದುಕೋ ಮಾತೇ ಇಲ್ಲ. ಕುಂಡ ಒಂದೇ ದಾರಿ.

ಚಳಿ ಗಿಡವನ್ನು ಕೊಲ್ಲೋದು ಎರಡು ರೀತಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೆ ಜೀವಕೋಶಗಳ ನಡುವೆ ನೀರು ಮಂಜುಗಡ್ಡೆಯಾಗಿ, ಕೋಶದೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತೆ. ಎಲೆ ಬೇಯಿಸಿದ ಸೊಪ್ಪಿನ ಥರ ಆಗುತ್ತೆ. ಇದು ಎಲ್ಲರಿಗೂ ಗೊತ್ತು. ಎರಡನೆಯದು ಕಣ್ಣಿಗೆ ಬೀಳಲ್ಲ. ಹಿಮ ಬೀಳಬೇಕು ಅಂತಿಲ್ಲ, ಹತ್ತು ಡಿಗ್ರಿಗಿಂತ ಕೆಳಗೆ ಕೆಲವು ರಾತ್ರಿ ಕಳೆದರೂ ಉಷ್ಣವಲಯದ ಗಿಡಕ್ಕೆ ಪೆಟ್ಟು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುತ್ತಲ್ಲ, ಹಾಗೇ ಕೋಶದ ಪೊರೆಯಲ್ಲಿರೋ ಕೊಬ್ಬು ಬಿಗಿಯಾಗುತ್ತೆ, ಒಳಗಿನ ವ್ಯವಹಾರ ನಿಂತುಹೋಗುತ್ತೆ. ಅಕ್ಕ ಮೊದಲ ವರ್ಷ ಮಾಡಿದ ತಪ್ಪು ಇದೇ. "ಹಿಮ ಬೀಳೋದು ಅಕ್ಟೋಬರ್ ಕೊನೆಗೆ ತಾನೇ" ಅಂತ ಗಿಡ ಹೊರಗೇ ಬಿಟ್ಟಿದ್ದಳು. ಒಳಗೆ ತರೋಷ್ಟರಲ್ಲಿ ಅದು ಆಗಲೇ ಸೋತಿತ್ತು. ರಾತ್ರಿ ಉಷ್ಣಾಂಶ 12–13 ಡಿಗ್ರಿ ಮುಟ್ಟಿದಾಗಲೇ ಒಳಗೆ ತರಬೇಕು. ಅಲ್ಲಿ ಅದು ಸೆಪ್ಟೆಂಬರ್‌ನಲ್ಲೇ ಬರುತ್ತೆ.

ಕುಂಡಕ್ಕೆ ಇನ್ನೊಂದು ಕಷ್ಟ ಇದೆ. ನೆಲದಲ್ಲಿರೋ ಬೇರಿಗೆ ಭೂಮಿಯೇ ಕಂಬಳಿ. ಕುಂಡಕ್ಕೆ ಸುತ್ತಲಿಂದಲೂ ಚಳಿ ಹೊಡೆಯುತ್ತೆ, ಮೇಲಾಗಿ ಬೇರು ಕೊಂಬೆಯಷ್ಟು ಗಟ್ಟಿಯಲ್ಲ. ಚೀನಾ ಮೂಲದ ವಿಂಡ್‌ಮಿಲ್ ಪಾಮ್ ಮೈನಸ್ 12ರ ಹತ್ತಿರದವರೆಗೂ ತಡೆಯುತ್ತೆ ಅಂತಾರೆ, ನಿಜ, ಆದರೆ ಅದು ನೆಲದಲ್ಲಿ ಬೇರೂರಿದ ದೊಡ್ಡ ಮರದ ಲೆಕ್ಕ. ಅದನ್ನು ನಂಬಿ ಕುಂಡದ ಪಾಮ್ ಹೊರಗೆ ಬಿಟ್ಟರೆ ಕಥೆ ಮುಗೀತು. ಒಂಟಿ ಕಾಂಡದ ಪಾಮ್‌ಗೆ ಬೆಳೆಯೋ ತುದಿ ಒಂದೇ, ನೆತ್ತಿಯ ಸುಳಿ. ತೆಂಗಿನ ಸುಳಿ ಕೊಳೆತರೆ ಮರ ಹೋದ ಹಾಗೇ ಲೆಕ್ಕ ಅಂತ ನಮ್ಮ ರೈತರಿಗೆ ಹೇಳಿಕೊಡಬೇಕಿಲ್ಲ. ಮಲ್ಲಿಗೆ, ಕರಿಬೇವು ಹಾಗಲ್ಲ, ಬುಡದಿಂದಲೂ ಮತ್ತೆ ಚಿಗುರುತ್ತವೆ.

ಸರಿ, ಒಳಗೆ ತಂದಾಯ್ತು. ಇನ್ನೇನು ಭಯ? ನಿಜವಾದ ಕಷ್ಟ ಶುರುವಾಗೋದೇ ಇಲ್ಲಿ. ಮನೆಯೊಳಗೆ ಗಿಡ ಸಾಯೋದು ಹೆಚ್ಚಾಗಿ ಚಳಿಯಿಂದಲ್ಲ, ನಮ್ಮ ಪ್ರೀತಿಯಿಂದ.

ನಡೆಯೋದು ಏನು ಅಂದ್ರೆ, ಡಿಸೆಂಬರ್ ಕೊನೆಗೆ ಶಿಕಾಗೋದಲ್ಲಿ ಹಗಲು ಒಂಬತ್ತು ಗಂಟೆ ಮಾತ್ರ. ಮಾಗಳದಲ್ಲಿ ಆಗಲೂ ಹನ್ನೊಂದು ಗಂಟೆ ದಾಟುತ್ತೆ. ಅದರಲ್ಲೂ ಕಿಟಕಿಯಿಂದ ಆರಡಿ ಒಳಗೆ ಇಟ್ಟರೆ ನಮಗೆ ಬೆಳಕು ಅನಿಸಿದ್ದು ಗಿಡಕ್ಕೆ ಕತ್ತಲೆ. ಬೆಳಕು ಕಡಿಮೆಯಾದರೆ ಎಲೆ ನೀರು ಹೀರೋದೂ ಕಡಿಮೆ. ಗಿಡ ಹೊರೆ ಇಳಿಸಿಕೊಳ್ಳೋಕೆ ಹಳೇ ಎಲೆ ಉದುರಿಸುತ್ತೆ. ಅದನ್ನು ನೋಡಿ ನಾವು ಗಾಬರಿಯಾಗಿ ನೀರು ಹಾಕ್ತೀವಿ. ಕುಂಡದ ಮಣ್ಣು ಒದ್ದೆಯಾಗೇ ಇರುತ್ತೆ, ಬೇರಿಗೆ ಗಾಳಿ ಸಿಗಲ್ಲ, ಕೊಳೆಯುತ್ತೆ. ಕೊಳೆತ ಬೇರು ನೀರು ಎಳೆಯಲ್ಲ, ಎಲೆ ಇನ್ನೂ ಬಾಡುತ್ತೆ. ನಾವು ಇನ್ನೂ ಒಂದು ಚೊಂಬು ಸುರೀತೀವಿ! ಅಕ್ಕ ಇದರ ಮೇಲೆ ಗೊಬ್ಬರ ಬೇರೆ ಹಾಕಿದ್ದಳು. ನಾನು ಬಿಕಾಂ ಓದಿದವನು, ನನಗೆ ಅರ್ಥವಾಗಿದ್ದು ಹೀಗೆ: ಅಂಗಡಿಯಲ್ಲಿ ಗಿರಾಕಿ ಇಲ್ಲದ ಕಾಲದಲ್ಲಿ ಸರಕು ತಂದು ತುಂಬಿದ ಹಾಗೆ. ಬೆಳಕಿಲ್ಲದಾಗ ನೀರು, ಗೊಬ್ಬರ ಎರಡೂ ಮಾರಾಟವಾಗದ ಸರಕು.

ಹಾಗಾದ್ರೆ ನೀರು ಯಾವಾಗ? ದಿನ ಎಣಿಸಬೇಡಿ. ಎರಡು ಬೆರಳು ಮಣ್ಣಿಗೆ ಇಳಿಸಿ, ಅಷ್ಟು ಆಳ ಒಣಗಿದ್ದರೆ ಮಾತ್ರ ಹಾಕಿ. ಹಾಕುವಾಗ ತಳದ ತೂತಿನಿಂದ ಹೊರಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಕುಂಡ ಎತ್ತಿ ನೋಡೋದು ಇನ್ನೂ ಒಳ್ಳೇ ಉಪಾಯ, ಒಣ ಕುಂಡದ ಹಗುರ ಎರಡೇ ವಾರದಲ್ಲಿ ಕೈಗೆ ಗೊತ್ತಾಗುತ್ತೆ. ನಲ್ಲಿಯ ತಣ್ಣೀರು ನೇರವಾಗಿ ಬೇಡ, ಮನೆಯೊಳಗೆ ಒಂದು ರಾತ್ರಿ ಇಟ್ಟು ಹಾಕಿ.

ಬೆಳಕಿಗೆ ದಕ್ಷಿಣದ ಕಿಟಕಿ ಉತ್ತಮ. ಅದೂ ಸಾಲದಿದ್ದರೆ ಎಲ್‌ಇಡಿ ದೀಪ. ಕರೆಂಟ್ ಬಿಲ್ ಅಂತ ಹೆದರ್ತಾರೆ, ಲೆಕ್ಕ ಹಾಕೋಣ. 40 ವ್ಯಾಟ್ ದೀಪ ದಿನಕ್ಕೆ 12 ಗಂಟೆ ಉರಿದರೆ ತಿಂಗಳಿಗೆ 14.4 ಯೂನಿಟ್. ಐದು ತಿಂಗಳಿಗೆ 72. ಯೂನಿಟ್‌ಗೆ 17 ಸೆಂಟ್ ಅಂತ ಇಟ್ಟುಕೊಂಡರೂ ಇಡೀ ಚಳಿಗಾಲಕ್ಕೆ ಸುಮಾರು 12 ಡಾಲರ್. ಅಕ್ಕ ಸತ್ತ ಗಿಡಕ್ಕೆ ಕೊಟ್ಟಿದ್ದು 35 ಡಾಲರ್.

ಇನ್ನು ಗಾಳಿ. ಮೈನಸ್ ಹತ್ತು ಡಿಗ್ರಿಯ ಗಾಳಿಯಲ್ಲಿ ತೇವವೇ ಇರಲ್ಲ. ಅದನ್ನು ಹೀಟರ್‌ನಿಂದ 21ಕ್ಕೆ ಕಾಯಿಸಿದರೆ ತೇವಾಂಶ ನೂರಕ್ಕೆ ಹತ್ತರ ಹತ್ತಿರಕ್ಕೆ ಬೀಳುತ್ತೆ. ನಮ್ಮೂರ ಏಪ್ರಿಲ್ ಮಧ್ಯಾಹ್ನಕ್ಕಿಂತ ಒಣ. ಮಡಗಾಸ್ಕರ್ ಮೂಲದ ಅರೆಕಾ ಪಾಮ್ ಎಲೆತುದಿ ಕಂದಾಗೋದು ಅದಕ್ಕೇ. ಜೊತೆಗೆ ಕೆಂಪು ನುಸಿಗೆ ಹಬ್ಬ, ಎಲೆಯಡಿಯಲ್ಲಿ ಸಣ್ಣ ಬಲೆ ಕಂಡರೆ ಅದೇ. ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸಿದರೆ ತೇವ ಹತ್ತು ನಿಮಿಷ ಇರುತ್ತೆ ಅಷ್ಟೇ, ಸಮಾಧಾನ ನಮಗೆ. ಗಿಡಗಳನ್ನು ಗುಂಪಾಗಿ ಇಡಿ, ಹೀಟರ್ ಗಾಳಿ ಬರೋ ಕಿಂಡಿಯಿಂದ ದೂರ ಇಡಿ, ಹದಿನೈದು ದಿನಕ್ಕೊಮ್ಮೆ ಬಚ್ಚಲಲ್ಲಿ ಎಲೆಯ ಅಡಿಭಾಗ ತೊಳೆಯಿರಿ. ಪಾಮ್ ಬೇಕೇ ಬೇಕು, ಬೆಳಕು ಕಡಿಮೆ ಅನ್ನೋರು ಅರೆಕಾ ಬಿಟ್ಟು ಕೆಂಟಿಯಾ ಅಥವಾ ಪಾರ್ಲರ್ ಪಾಮ್ ತಗೊಳ್ಳಿ. ಇಂಗ್ಲೆಂಡಿನ ವಿಕ್ಟೋರಿಯಾ ಕಾಲದ ಮಬ್ಬು ಕೋಣೆಗಳಲ್ಲಿ ಬದುಕಿದ ಜಾತಿಗಳು ಇವು.

ಈ ಹಂಬಲ ಹೊಸದೇನಲ್ಲ. ಇಟಲಿಯ ಪಡುವಾ ಸಸ್ಯೋದ್ಯಾನದಲ್ಲಿ 1585ರಲ್ಲಿ ನೆಟ್ಟ ಪಾಮ್ ಇನ್ನೂ ಇದೆ, ಗಾಜಿನ ಮನೆಯೊಳಗೆ. ನಮ್ಮ ಲಾಲ್‌ಬಾಗ್‌ನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದರು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ಆದರೆ ಬೆಂಗಳೂರಿನ ಗಿಡಗಳಿಗೆ ಶಾಖ ಹಿಡಿದಿಡೋ ಗಾಜು ಯಾವತ್ತೂ ಬೇಕಿರಲಿಲ್ಲ ಬಿಡಿ.

ಎಲ್ಲ ಗಿಡವನ್ನೂ ಹಾಲ್‌ನಲ್ಲಿ ಇಡಬೇಕಿಲ್ಲ. ಕೆಸುವಿನ ಎಲೆ ಒಣಗಿದ ಮೇಲೆ ಗಡ್ಡೆ ಕಿತ್ತು, ಮಣ್ಣು ಒದರಿ, ಕಾಗದದ ಚೀಲದಲ್ಲಿ ನೆಲಮಾಳಿಗೆಯಲ್ಲಿಡಿ. ಅರಿಶಿಣಕ್ಕೂ ಇದೇ ದಾರಿ. ವಸಂತದಲ್ಲಿ ಮತ್ತೆ ನೆಟ್ಟರಾಯ್ತು.

ಒಂದು ಎಚ್ಚರಿಕೆ. ಊರಿಂದ ಸೂಟ್‌ಕೇಸಿನಲ್ಲಿ ಕರಿಬೇವು ಒಯ್ಯಬೇಡಿ. ಅದು ನಿಂಬೆ, ಕಿತ್ತಳೆಯ ಕುಟುಂಬದ್ದು. ಸಿಟ್ರಸ್ ಗ್ರೀನಿಂಗ್ ರೋಗ ಹರಡೋ ಕೀಟ ಕರಿಬೇವಿನ ಮೇಲೂ ಬದುಕುತ್ತೆ. ಫ್ಲಾರಿಡಾದಲ್ಲಿ 2005ರಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿನ ಕಿತ್ತಳೆ ತೋಟಗಳನ್ನು ಹಾಳು ಮಾಡಿದೆ. ಹಾಗಾಗಿ ಅಮೆರಿಕಕ್ಕೆ ಇಲ್ಲಿಂದ ಗಿಡ, ಹಸಿ ಎಲೆ ತರೋದಕ್ಕೆ ನಿಷೇಧ ಇದೆ. ಅಲ್ಲಿನ ನರ್ಸರಿಯಲ್ಲೇ ಕೊಳ್ಳಿ. ಅಮ್ಮನಿಗೆ ಇದನ್ನು ಒಪ್ಪಿಸೋಕೆ ನನಗೆ ಒಂದು ವಾರ ಹಿಡೀತು.

ಎರಡನೇ ಗಿಡದ ಕಥೆ ಹೇಳಿ ಮುಗಿಸ್ತೀನಿ. ಹೋದ ಚಳಿಗಾಲ ಫೆಬ್ರವರಿಗೆ ಅದೂ ಎಲೆಯೆಲ್ಲ ಉದುರಿಸಿ ಕಡ್ಡಿಯಾಗಿ ನಿಂತಿತ್ತು. ಅಕ್ಕ ಕಸಕ್ಕೆ ಹಾಕೋಕೆ ಎತ್ತಿದ್ದಳು. ಅಮ್ಮ ವಿಡಿಯೋದಲ್ಲಿ, "ಉಗುರಿಂದ ಕೆರೆದು ನೋಡೇ" ಅಂದಳು. ಕೆರೆದರೆ ತೊಗಟೆಯಡಿ ಹಸಿರು. ಚಳಿಗೆ ಕರಿಬೇವು ನಿದ್ದೆ ಹೋಗುತ್ತೆ, ಸತ್ತಿರಲ್ಲ. ನೀರು ಕಡಿಮೆ ಮಾಡಿ ದೀಪದ ಕೆಳಗೆ ಬಿಟ್ಟಳು. ಮೇ ಮಧ್ಯಕ್ಕೆ, ರಾತ್ರಿ ಹತ್ತು ಡಿಗ್ರಿ ಮೇಲೆ ನಿಂತ ಮೇಲೆ ಹೊರಗೆ ಇಟ್ಟಳು. ನೇರ ಬಿಸಿಲಿಗಲ್ಲ, ಮೊದಲ ವಾರ ನೆರಳು, ಆಮೇಲೆ ದಿನಕ್ಕೊಂದು ಗಂಟೆ ಬಿಸಿಲು ಹೆಚ್ಚಿಸುತ್ತಾ. ಒಳಗೆ ಹುಟ್ಟಿದ ಎಲೆಗೆ ಬಿಸಿಲು ಗೊತ್ತಿರಲ್ಲ, ಒಮ್ಮೆಲೇ ಇಟ್ಟರೆ ಸುಟ್ಟೇ ಹೋಗುತ್ತೆ. ಜೂನ್‌ನಲ್ಲಿ ಕಾಲ್ ಮಾಡಿ ಚಿಗುರು ತೋರಿಸಿದಳು, ಅಮ್ಮ ಫೋನು ಕಣ್ಣಿನ ಹತ್ತಿರ ಹಿಡಿದು ಎಣಿಸಿದಳು, ಏಳು. ಒಗ್ಗರಣೆಗೆ ಈಗಲೇ ಕೀಳಬೇಡ ಅಂತ ಬೈದಳು ಕೂಡ.