ಡ್ರೈಸೂಟಿನ ಒಳಗಿನ ಬಟ್ಟೆ

ತಣ್ಣನೆಯ ಸಮುದ್ರದಲ್ಲಿ ಮುಳುಗುವವರು ತೊಡುವ ಡ್ರೈಸೂಟ್ ನೀರನ್ನು ಹೊರಗೇ ತಡೆಯುತ್ತದೆ. ಮೈ ಬೆಚ್ಚಗಿಡುವುದು ಅದರೊಳಗಿನ ಬಟ್ಟೆಯ ಕೆಲಸ. ಈಗ ಹೆಚ್ಚು ಬಳಕೆಯಲ್ಲಿರುವ ತೆಳು ಪದರದ ಸೂಟುಗಳಂತೂ ಮಳೆಕೋಟಿನಷ್ಟೇ ತೆಳ್ಳಗಿರುತ್ತವೆ. ಆದರೂ ಸೂಟಿಗೆ ಲಕ್ಷ ರೂಪಾಯಿ ಸುರಿದವರು ಒಳಗೆ ಹತ್ತಿಯ ಬನಿಯನ್ನು, ಹಳೇ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ನಡುಗುವುದುಂಟು. ಇನ್ನು ಕೆಲವರು ಹೆಸರಾಂತ ಕಂಪನಿಯ ಒಳಬಟ್ಟೆ ಕೊಳ್ಳಲು ಹಣ ಸಾಲದೆ ಮುಳುಗುವ ಆಸೆಯನ್ನೇ ಬಿಡುತ್ತಾರೆ. ಎರಡೂ ಬೇಕಿಲ್ಲ. ಬಟ್ಟೆಯ ಗುಣ ಗೊತ್ತಿದ್ದರೆ ಕಡಿಮೆ ಖರ್ಚಿನಲ್ಲಿ ಬೆಚ್ಚಗಿರಬಹುದು.

ನಾನು ಮುಳುಗುವವಳಲ್ಲ, ಹೊಲಿಯುವವಳು. ನೆಲಮಂಗಲದ ಪಕ್ಕ ಅರಿಶಿನಕುಂಟೆಯಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ನು ಇಟ್ಟುಕೊಂಡಿದ್ದೇನೆ. ಅದಕ್ಕೂ ಮೊದಲು ತುಮಕೂರು ರಸ್ತೆಯಲ್ಲಿ ದಿನಾ ಬಸ್ಸು ಹಿಡಿದು ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೆ. ಅಲ್ಲಿ ನಾನು ಸ್ಯಾಂಪಲ್ ಟೈಲರ್. ಹೊರದೇಶಕ್ಕೆ ಹೋಗುವ ಚಳಿ ಜಾಕೆಟ್ಟುಗಳ ಮೊದಲ ಪೀಸು ನಮ್ಮ ಕೈಯಲ್ಲಿ ತಯಾರಾಗುತ್ತಿತ್ತು. ನಮ್ಮೂರಲ್ಲಿ ಧನುರ್ಮಾಸದ ಬೆಳಗ್ಗೆ 15 ಡಿಗ್ರಿಯ ಆಸುಪಾಸಿಗೆ ಇಳಿದರೆ ಸ್ವೆಟರ್ ಹುಡುಕುತ್ತೇವೆ. ಅಂಥವಳಿಗೆ 6 ಡಿಗ್ರಿ ನೀರಿನ ಯೋಚನೆ ಹತ್ತಿಸಿದವಳು ನನ್ನ ಮಗಳು.

ಅವಳು ಇಲ್ಲಿದ್ದಾಗ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಿ ಬಂದಿದ್ದಳು. ನಮ್ಮ ಅರಬ್ಬಿ ಸಮುದ್ರದ ನೀರು ಬೆಚ್ಚಗಿರುತ್ತದೆ, ತೆಳ್ಳನೆಯ ವೆಟ್‌ಸೂಟ್ ಸಾಕು. ಕೆಲಸದ ಮೇಲೆ ಸ್ಕಾಟ್ಲೆಂಡಿಗೆ ಹೋದಮೇಲೆ ಅಲ್ಲಿನ ಗೆಳತಿಯರ ಜೊತೆ ತಣ್ಣೀರಿನಲ್ಲಿ ಮುಳುಗುವುದನ್ನು ಕಲಿತಳು. ಅವಳ ಆಸೆಯೆಲ್ಲ ಅಲ್ಲಿನ ಓರ್ಕ್ನಿ ದ್ವೀಪಗಳ ನಡುವಿನ ಸ್ಕಾಪಾ ಫ್ಲೋ ಎಂಬ ಕಡಲ ಭಾಗದ ಮೇಲೆ. ಮೊದಲ ಮಹಾಯುದ್ಧ ನಿಂತಮೇಲೆ ಅಲ್ಲಿ ತಡೆದು ನಿಲ್ಲಿಸಿದ್ದ ಜರ್ಮನ್ ನೌಕಾಪಡೆಯ 74 ಹಡಗುಗಳ ಪೈಕಿ 52 ಹಡಗುಗಳು 1919ರ ಜೂನ್ 21ರಂದು ತಳ ಸೇರಿದವು. ಮುಳುಗಿಸಿದವರು ಜರ್ಮನ್ ನಾವಿಕರೇ. 1924ರಿಂದ ಅರ್ನೆಸ್ಟ್ ಕಾಕ್ಸ್ ಎಂಬ ಗುಜರಿ ಲೋಹದ ವ್ಯಾಪಾರಿ ಅವುಗಳನ್ನು ಮೇಲೆತ್ತಿಸತೊಡಗಿದ. ಆ ಕಾಲದ ಡೈವರುಗಳು ತಾಮ್ರದ ಹೆಲ್ಮೆಟ್ಟು, ರಬ್ಬರು ಸೇರಿಸಿದ ಕ್ಯಾನ್ವಾಸ್ ಉಡುಪು ಹಾಕಿ, ಅದರೊಳಗೆ ದಪ್ಪ ಉಣ್ಣೆಯ ಒಳಬಟ್ಟೆಗಳನ್ನು ಒಂದರ ಮೇಲೊಂದು ತೊಡುತ್ತಿದ್ದರು. ಹೊರಗೆ ನೀರು ಬಿಡದ ಪದರ, ಒಳಗೆ ಗಾಳಿ ಹಿಡಿದಿಡುವ ಬಟ್ಟೆ. ನೂರು ವರ್ಷವಾದರೂ ಏರ್ಪಾಡು ಅದೇ.

“ಅಮ್ಮಾ, ಇಲ್ಲಿ ಒಳಬಟ್ಟೆಗೇ ಇನ್ನೂರು ಪೌಂಡಿನ ಮೇಲೆ ಕೇಳ್ತಾರೆ. ನೋಡಿದ್ರೆ ಫ್ಲೀಸೇ ಕಣಮ್ಮ, ನೀನು ಹೊಲಿತಿದ್ಯಲ್ಲ, ಅದೇ,” ಅಂದಳು ಒಂದು ದಿನ ಫೋನಿನಲ್ಲಿ.

“ಬಟ್ಟೆ ಒಳಮೈದು ಫೋಟೋ ಕಳ್ಸು, ಲೇಬಲ್ಲಿದೂ ಕಳ್ಸು. ನೋಡಾಣ,” ಅಂದೆ.

ಇನ್ನೂರು ಪೌಂಡ್ ಅಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿಗೂ ಮೇಲೆ. ಆ ಹಣ ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕಾದರೆ, ಬೆಚ್ಚಗಾಗುವುದು ಹೇಗೆ ಅನ್ನುವುದನ್ನು ಮೊದಲು ನೋಡಬೇಕು.

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ಮೈಗೂ ಸೂಟಿಗೂ ನಡುವೆ ಅಲುಗಾಡದ ಗಾಳಿಯ ಪದರ ಇದ್ದರೆ ಮೈಯ ಶಾಖ ಬೇಗ ಹೊರಗೆ ಹೋಗುವುದಿಲ್ಲ. ನಮ್ಮನ್ನು ಬೆಚ್ಚಗಿಡುವುದು ಉಣ್ಣೆಯ ಅಥವಾ ಪಾಲಿಯೆಸ್ಟರಿನ ಎಳೆಗಿಂತ ಹೆಚ್ಚಾಗಿ ಎಳೆಗಳ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿ. ಎಳೆಯ ಕೆಲಸ ಎರಡೇ: ಗಾಳಿಯನ್ನು ಅಲುಗದಂತೆ ಹಿಡಿಯುವುದು, ಬೆವರನ್ನು ಮೈಮೇಲೆ ನಿಲ್ಲಿಸದೆ ಆಚೆ ಕಳಿಸುವುದು. ಬೆವರೇ, ಅಂಥ ಚಳಿಯಲ್ಲಿ? ಹೌದು. ದಡದಲ್ಲಿ ಸೂಟು ಏರಿಸಿ, ಸಿಲಿಂಡರು, ಸೀಸದ ತೂಕ ಹೊತ್ತು ನಡೆಯುವಷ್ಟರಲ್ಲಿ ಮೈ ಬೆವರುತ್ತದೆ. ಸೂಟು ನೀರನ್ನು ಒಳಗೆ ಬಿಡದಂತೆ ಬೆವರನ್ನು ಹೊರಗೂ ಬಿಡುವುದಿಲ್ಲ.

ಹತ್ತಿ ಬೇಡ ಅನ್ನುವುದು ಇದಕ್ಕೇ. ಹತ್ತಿಯ ಎಳೆ ನೀರು ಕುಡಿದು ಹಿಡಿದುಕೊಳ್ಳುತ್ತದೆ, ಸಂದಿಯ ಗಾಳಿಯ ಜಾಗಕ್ಕೂ ನೀರು ಬರುತ್ತದೆ, ಒದ್ದೆ ಬಟ್ಟೆ ಮೈಗೆ ಅಂಟಿ ಶಾಖ ಎಳೆಯುತ್ತದೆ. ಪಾಲಿಪ್ರೊಪಿಲೀನ್ ಎಳೆ ನೀರು ಕುಡಿಯುವುದೇ ಇಲ್ಲ ಅನ್ನಬಹುದು, ಪಾಲಿಯೆಸ್ಟರ್ ತೀರಾ ಕಡಿಮೆ. ಉಣ್ಣೆಯದು ಬೇರೆಯೇ ದಾರಿ. ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಒಳಗೆಳೆದುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಜಡಿಮಳೆಯಲ್ಲಿ ಕುರಿ ಕಾಯುವವರು ಕಂಬಳಿ ಕೊಪ್ಪೆ ಹೊದ್ದು ಹೊಲದಲ್ಲಿ ನಿಂತಿರುವುದನ್ನು ನಮ್ಮ ಕಡೆ ನೋಡದವರು ಯಾರು? ಆದರೆ ನಮ್ಮ ದಖನಿ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ. ಚರ್ಮಕ್ಕೆ ತಾಗುವ ಪದರಕ್ಕೆ ಮೆರಿನೋ ಉಣ್ಣೆಯೇ ಸರಿ. ಅದು ದುಬಾರಿ ಅನ್ನಿಸಿದರೆ ಪಾಲಿಪ್ರೊಪಿಲೀನಿನ ಥರ್ಮಲ್ಲು ಸಾಕು.

ಚರ್ಮಕ್ಕೆ ತಾಗುವ ಪದರದಲ್ಲಿ ಇನ್ನೊಂದು ಅಗ್ಗದ ಉಪಾಯವಿದೆ. 1933ರಲ್ಲಿ ನಾರ್ವೆಯ ಹೆನ್ರಿಕ್ ಬ್ರೂನ್ ಎಂಬ ಸೇನಾಧಿಕಾರಿ ಮೀನಿನ ಬಲೆ ಕತ್ತರಿಸಿ ಒಳಂಗಿ ಮಾಡಿಸಿದ. ಬಲೆಯ ಕಣ್ಣುಗಳಲ್ಲಿ ಗಾಳಿ ನಿಲ್ಲುತ್ತದೆ, ಬೆವರು ನಿಲ್ಲುವುದಿಲ್ಲ. ಮೇಲೆ ಇನ್ನೊಂದು ಪದರ ಹಾಕಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ನಮ್ಮಲ್ಲಿ ಹಳಬರು ಬೇಸಿಗೆಗೆ ಹಾಕುವ ನೆಟ್ ಬನಿಯನ್ನಿನ ಹೆಣಿಗೆಯೂ ಹೀಗೇ ಇದೆ, ಆದರೆ ಅದು ಹತ್ತಿಯದು. ಪಾಲಿಪ್ರೊಪಿಲೀನಿನ ಬಲೆ ಬನಿಯನ್ನು ಇವತ್ತಿಗೂ ಚಳಿನಾಡಿನ ಡೈವರುಗಳು ತೊಡುತ್ತಾರೆ.

ಮೇಲಿನ ಪದರಕ್ಕೆ ಫ್ಲೀಸು. ಅಮೆರಿಕದ ಮಾಲ್ಡನ್ ಮಿಲ್ಸ್ ಎಂಬ ಗಿರಣಿ 1979ರ ಸುಮಾರಿಗೆ ಇದನ್ನು ತಂದಿತು. ಅದರ ಒಡೆಯ ಆರನ್ ಫೋಯರ್‌ಸ್ಟೈನ್ ಪೇಟೆಂಟ್ ಮಾಡಿಸಲಿಲ್ಲ. ಹಾಗಾಗಿ ಯಾರು ಬೇಕಾದರೂ ಹೆಣೆಯಬಹುದಾಯಿತು, ಬೆಲೆ ಇಳಿಯಿತು. ಬಡವರ ಮಕ್ಕಳೂ ಚಳಿಗಾಲದಲ್ಲಿ ಫ್ಲೀಸ್ ಜಾಕೆಟ್ಟು ಹಾಕುವಂತಾಗಿದ್ದಕ್ಕೆ ಆ ಪುಣ್ಯಾತ್ಮನನ್ನು ನೆನೆಯಬೇಕು. ಬೆಂಗಳೂರಿನ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗಳಲ್ಲಿ ಇವತ್ತು ಕೆಲವು ನೂರು ರೂಪಾಯಿಗೆ ಒಳ್ಳೆಯ ಫ್ಲೀಸು ಸಿಗುತ್ತದೆ. ಕೊಳ್ಳುವಾಗ ಜಿಎಸ್‌ಎಂ ಕೇಳಿ. ಒಂದು ಚದರ ಮೀಟರು ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ನೂರರ ಫ್ಲೀಸು ತೆಳ್ಳಗೆ, ಇನ್ನೂರರದು ಮಧ್ಯಮ, ಮುನ್ನೂರರದು ದಪ್ಪ. ಒಂದು ದಪ್ಪದ ಬದಲು ಎರಡು ತೆಳ್ಳನೆಯವು ಇದ್ದರೆ ನೀರಿನ ಚಳಿ ನೋಡಿ ಒಂದನ್ನು ಕಳಚಬಹುದು, ಬೇಗ ಒಣಗುತ್ತವೆ ಕೂಡ.

ಇಷ್ಟು ಬೆಟ್ಟ ಹತ್ತುವವರಿಗೂ ಅನ್ವಯಿಸುವ ಮಾತು. ನೀರಿನಲ್ಲಿ ಇನ್ನೊಂದು ಕಷ್ಟವಿದೆ: ಒತ್ತಡ. ಹತ್ತು ಮೀಟರು ಇಳಿದರೆ ಸೂಟಿನೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಡೈವರು ಸಿಲಿಂಡರಿನಿಂದ ಸ್ವಲ್ಪ ಸ್ವಲ್ಪ ಗಾಳಿ ಬಿಟ್ಟುಕೊಂಡು ಸರಿಮಾಡುತ್ತಾರೆ. ಆದರೂ ನೆಟ್ಟಗೆ ನಿಂತಾಗ ಗಾಳಿಯೆಲ್ಲ ಹೆಗಲ ಕಡೆ ಏರುತ್ತದೆ, ಕಾಲುಗಳ ಸುತ್ತ ಸೂಟು ಬಿಗಿಯಾಗಿ ಅಮುಕುತ್ತದೆ. ಅಲ್ಲಿ ಬಟ್ಟೆ ನಜ್ಜಿದರೆ ಅದರ ಗಾಳಿ ಹೋಯಿತು, ಶಾಖವೂ ಹೋಯಿತು. ಅಂಗಡಿಯಲ್ಲಿ ಕೈಗೆ ಮೆತ್ತಗೆ, ಉಬ್ಬುಬ್ಬಾಗಿ ಕಾಣುವ ಬಟ್ಟೆ ನೀರಿನಡಿ ಸೋಲುವುದು ಹೀಗೆ. ಹಕ್ಕಿಯ ತುಪ್ಪಳ ತುಂಬಿದ ಜಾಕೆಟ್ಟು ಬೇಡ ಅನ್ನುವುದಕ್ಕೂ ಇದೇ ಕಾರಣ. ಜೊತೆಗೆ ಸೂಟು ಎಲ್ಲಾದರೂ ಸೋರಿದರೆ ಆ ತುಪ್ಪಳ ಮುದ್ದೆಯಾಗುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಬಟ್ಟೆಯ ಎರಡು ಮೂರು ಬಗೆಯ ತುಂಡು ತಂದು, ಒಂದೊಂದನ್ನೂ ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟೆ. ಪೆಟ್ಟಿಗೆಯ ಅಡಿ ಎಷ್ಟು ದಪ್ಪ ಉಳಿಯಿತು ಅಂತ ಸ್ಕೇಲಿಟ್ಟು ಅಳೆದೆ. ಉದ್ದ ಕೂದಲಿನ, ಆಟಿಕೆ ಕರಡಿಯ ಮೈಯಂಥ ಬಟ್ಟೆ ಚಪ್ಪಟೆಯಾಯಿತು. ಗಿಡ್ಡ ಕೂದಲಿನ, ಒತ್ತಾಗಿ ಹೆಣೆದ ಫ್ಲೀಸು ತನ್ನ ದಪ್ಪವನ್ನು ಚೆನ್ನಾಗಿ ಉಳಿಸಿಕೊಂಡಿತು. ನೀರಲ್ಲಿ ನೆನೆಸಿ ಹಿಂಡಿ ಮತ್ತೆ ಇದೇ ಪರೀಕ್ಷೆ ಮಾಡಬೇಕು. ದುಬಾರಿ ಒಳಬಟ್ಟೆಗಳಲ್ಲಿ ತುಂಬುವ ಥಿನ್ಸುಲೇಟ್ ಎಂಬ ಹಾಸಿನಲ್ಲಿ ಅಮುಕಿದರೂ ನಜ್ಜದ ಒಂದು ಬಗೆಯಿದೆ, ತೀರಾ ತಣ್ಣನೆಯ ನೀರಿನಲ್ಲಿ ಬಹಳ ಹೊತ್ತು ಇರುವವರು ಅದಕ್ಕೆ ಹಣ ಕೊಡುವುದು ನ್ಯಾಯ. ಐಸ್‌ಲ್ಯಾಂಡಿನ ಸಿಲ್ಫ್ರಾ ಕಂದಕದ ನೀರು ವರ್ಷವಿಡೀ 2ರಿಂದ 4 ಡಿಗ್ರಿ. ಅಲ್ಲಿಗೆ ಹೋಗುವ ಪ್ರವಾಸಿಗರಿಗೆ ಸೂಟಿನ ಜೊತೆ ಒಳಬಟ್ಟೆಯನ್ನೂ ಅಲ್ಲಿಯವರೇ ಕೊಡುತ್ತಾರೆ. ಒಂದು ಸಲದ ಪ್ರವಾಸಕ್ಕೆಂದು ಯಾರೂ ಹೊಸದು ಕೊಳ್ಳಬೇಕಿಲ್ಲ.

ದುಬಾರಿ ಒಳಬಟ್ಟೆಯ ಫೋಟೋಗಳನ್ನು ನೋಡಿದಾಗ ನನಗೆ ಗೌರವ ಮೂಡಿಸಿದ್ದು ಅದರ ಬಟ್ಟೆಗಿಂತ ಕಟಿಂಗು. ಪ್ಯಾಂಟು ಬೇರೆ, ಅಂಗಿ ಬೇರೆ ಆದರೆ ಬಗ್ಗಿದಾಗ ಸೊಂಟದ ಹಿಂದೆ ಬಯಲಾಗುತ್ತದೆ. ಅದಕ್ಕೇ ಒಂದೇ ತುಂಡಿನ ಉಡುಪು ಒಳ್ಳೆಯದು. ಆದರೆ ಅದರ ಮುಂಡದಳತೆ ತಪ್ಪಿದರೆ ಇಡೀ ಉಡುಪು ದಂಡ. ಮಗಳಿಗೆ ಕುಕ್ಕರಗಾಲಲ್ಲಿ ಕೂರಲು ಹೇಳಿ, ಒಂದು ಹೆಗಲಿಂದ ಕಾಲಸಂದಿನ ಮೂಲಕ ಬಳಸಿ ಅದೇ ಹೆಗಲಿಗೆ ಟೇಪು ಬರುವಂತೆ ಗೆಳತಿಯ ಕೈಯಲ್ಲಿ ಅಳತೆ ತೆಗೆಸಿದೆ. ನಿಂತು ತೆಗೆದ ಅಳತೆ ಸಾಲದು. ತಲೆಯ ಹಿಂದಿನ ಸಿಲಿಂಡರಿನ ವಾಲ್ವಿಗೆ ಕೈ ಎಟುಕಬೇಕಾದ್ದರಿಂದ ಕಂಕುಳಲ್ಲಿ ಒಂದೊಂದು ತುಂಡು ಹಿಗ್ಗುವ ಬಟ್ಟೆ ಸೇರಿಸಿದೆ. ಹೊಲಿಗೆಯೆಲ್ಲ ಫ್ಲಾಟ್‌ಲಾಕು. ಓವರ್‌ಲಾಕಿನ ಏಣು ಸೂಟಿನ ಒತ್ತಡಕ್ಕೆ ಚರ್ಮದ ಮೇಲೆ ಬರೆ ಎಳೆಯುತ್ತದೆ.

ಹೆಂಗಸರ ವಿಷಯ ಬಿಡಿಸಿ ಹೇಳಬೇಕು. ಗಂಡಸರ ಅಳತೆಯ ಒಳಬಟ್ಟೆಯನ್ನೇ ಚಿಕ್ಕದು ಮಾಡಿ ಕೊಟ್ಟರೆ ಸೊಂಟದಲ್ಲಿ ಬಿಗಿ, ಹೆಗಲಲ್ಲಿ ಸಡಿಲ. ಸಡಿಲವಾದ ಕಡೆ ಗಾಳಿ ಓಡಾಡುತ್ತದೆ, ಬಿಗಿಯಾದ ಕಡೆ ಬಟ್ಟೆ ನಜ್ಜುತ್ತದೆ. ಇನ್ನು ಮೂತ್ರಕ್ಕೆ ಹೋಗುವುದು ಕಷ್ಟ ಅಂತ ಎಷ್ಟೋ ಹೆಣ್ಣುಮಕ್ಕಳು ನೀರೇ ಕುಡಿಯದೆ ಮುಳುಗುತ್ತಾರಂತೆ. ಕೇಳಿ ಸಂಕಟವಾಯಿತು. ಹಿಂದೆ ಸೊಂಟದ ಸುತ್ತ ಒಂದು ಜಿಪ್ಪು ಇಟ್ಟರೆ ಉಡುಪೆಲ್ಲ ಕಳಚಬೇಕಿಲ್ಲ. ಒಂದು ಜಿಪ್ಪಿನ ಖರ್ಚು ಎಷ್ಟು ಮಹಾ?

ತೋಳಿನ ತುದಿ, ಕತ್ತಿನ ಪಟ್ಟಿ ಸೂಟಿನ ರಬ್ಬರು ಪಟ್ಟಿಯೊಳಗೆ ಸಿಕ್ಕಬಾರದು. ಒಂದೆಳೆ ಸಿಕ್ಕರೂ ಅದರ ಗುಂಟ ನೀರು ಒಳಗೆ ಹರಿಯುತ್ತದೆ. ಗಾಳಿ ಹೊರಬಿಡುವ ವಾಲ್ವು ಸಾಮಾನ್ಯವಾಗಿ ಎಡ ತೋಳಿನ ಮೇಲಿರುತ್ತದೆ. ಜುಂಗು ಉದುರುವ ಹೊಸ ಫ್ಲೀಸು ಅದಕ್ಕೆ ಸಿಕ್ಕಿ ತೊಂದರೆ ಕೊಡುತ್ತದೆ, ಆದ್ದರಿಂದ ಮೊದಲು ಎರಡು ಮೂರು ಸಲ ಒಗೆದು ಜುಂಗು ಹೋಗಿಸಿ. ಸಾಫ್ಟನರ್ ಹಾಕಬೇಡಿ.

ಹಣ ಎಲ್ಲಿ ಹಾಕಬೇಕು ಅಂತ ಕೇಳಿದರೆ ನನ್ನ ಉತ್ತರ: ಚರ್ಮಕ್ಕೆ ತಾಗುವ ಪದರ ಮತ್ತು ಕಾಲುಚೀಲ ಒಳ್ಳೆಯವನ್ನೇ ಕೊಳ್ಳಿ, ನಡುವಿನ ಫ್ಲೀಸನ್ನು ಹೊಲಿಸಿಕೊಳ್ಳಿ, ಎದೆ ಬೆನ್ನಿಗೆ ತೋಳಿಲ್ಲದ ಒಂದು ಹೆಚ್ಚಿನ ಅಂಗಿ ಇಟ್ಟುಕೊಳ್ಳಿ. ಈ ಅಂಗಿ ನೀರಿನಡಿಯ ಕೊನೆಯ ಹತ್ತು ನಿಮಿಷಕ್ಕೆ ಬೇಕಾಗುತ್ತದೆ. ಅಮೆರಿಕದ ನೌಕಾಪಡೆಯ ಡೈವಿಂಗ್ ಪ್ರಯೋಗ ಘಟಕದ 2007ರ ವರದಿ ಪ್ರಕಾರ, ಮೇಲೇರುವ ಹೊತ್ತಿನಲ್ಲಿ ಮೈ ತಣ್ಣಗಿದ್ದರೆ ರಕ್ತದಲ್ಲಿ ಗಾಳಿಗುಳ್ಳೆ ಏಳುವ ಕಾಯಿಲೆಯ ಅಪಾಯ ಹೆಚ್ಚು.

ಕೊನೆಗೆ ಒಂದು ಕೋರಿಕೆ. ಹೊಸ ಒಳಬಟ್ಟೆ ಹಾಕಿದ ದಿನ ನೇರವಾಗಿ ಆಳಕ್ಕೆ ಹೋಗಬೇಡಿ. ದಪ್ಪ ಬಟ್ಟೆಯಲ್ಲಿ ನಿಲ್ಲುವ ಒಂದೊಂದು ಲೀಟರು ಗಾಳಿಯೂ ನಿಮ್ಮನ್ನು ಸುಮಾರು ಒಂದೊಂದು ಕಿಲೋದಷ್ಟು ಮೇಲಕ್ಕೆ ತಳ್ಳುತ್ತದೆ. ಅದಕ್ಕೆ ತಕ್ಕಂತೆ ಸೊಂಟದ ಸೀಸ ಬದಲಾಗಬೇಕು. ಲೆಕ್ಕ ತಪ್ಪಿದರೆ ಗಾಳಿ ಪಾದಕ್ಕೆ ಏರಿ ಕಾಲು ಮೇಲಾಗಿ ಹಿಡಿತವಿಲ್ಲದೆ ತೇಲಿಬಿಡಬಹುದು. ಡ್ರೈಸೂಟ್ ಕಲಿಸುವ ಗುರುಗಳನ್ನು ಜೊತೆಗಿಟ್ಟುಕೊಂಡು, ಎದೆಮಟ್ಟದ ನೀರಿನಲ್ಲಿ, ಸಿಲಿಂಡರು ಬರಿದಾಗುತ್ತಾ ಬಂದಾಗಲೂ ಮುಳುಗಿರುವಷ್ಟು ತೂಕ ಇದೆಯೇ ಅಂತ ನೋಡಿಕೊಂಡು ಆಮೇಲೆ ಇಳಿಯಿರಿ.