ಕೂಡಲು ಒಪ್ಪದ ‘ಸಮ್’

ತಪ್ಪೇ ಇಲ್ಲದ ಸಾಲಿನಲ್ಲಿ ಪೈಥಾನ್ ತಪ್ಪು ತೋರಿಸುತ್ತಿತ್ತು. ವಿದ್ಯಾರ್ಥಿನಿಯೊಬ್ಬಳು ಜ್ಯುಪಿಟರ್ ನೋಟ್‌ಬುಕ್ಕಿನಲ್ಲಿ ಅಂಕಗಳ ಪಟ್ಟಿಯನ್ನು ‘ಸಮ್’ ಫಂಕ್ಷನ್ನಿಗೆ ಕೊಟ್ಟು ಮೊತ್ತ ಕೇಳಿದ್ದಳು, ಅಷ್ಟೇ. ಸಿಕ್ಕಿದ್ದು ಕೆಂಪು ಅಕ್ಷರ: ಟೈಪ್‌ಎರರ್, ‘ಇಂಟ್’ ಆಬ್ಜೆಕ್ಟ್ ಈಸ್ ನಾಟ್ ಕಾಲಬಲ್. ಪೂರ್ಣಾಂಕವನ್ನು ಫಂಕ್ಷನ್ನಿನಂತೆ ಕರೆಯಲು ಹೊರಟಿದ್ದೀರಿ ಎಂಬ ದೂರು.

“ಪಟ್ಟಿಯಲ್ಲೇ ಏನೋ ಎಡವಟ್ಟಾಗಿದೆ ಸರ್” ಎಂದಳು. ಎಲ್ಲರ ಅನುಮಾನವೂ ಮೊದಲು ಹೋಗುವುದು ಅಲ್ಲಿಗೇ. ಆ ಪಟ್ಟಿ ತೆಗೆದು 1, 2, 3 ಎಂದಷ್ಟೇ ಕೊಟ್ಟೆವು. ಅದೇ ದೂರು. ಅಲ್ಲಿಗೆ ಪಟ್ಟಿ ನಿರ್ದೋಷಿ. ಉಳಿದದ್ದು ‘ಸಮ್’ ಒಂದೇ. ಆವರಣ ಚಿಹ್ನೆ ತೆಗೆದು ಬರೀ ‘ಸಮ್’ ಎಂದು ಟೈಪಿಸಿ ಓಡಿಸಿದಳು. ಫಂಕ್ಷನ್ ಎಂದು ಬರಬೇಕಾದ ಕಡೆ 437 ಎಂದು ಬಂತು!

ಹಿಂದೆ ಲೂಪ್ ಹಾಕಿ ಮೊತ್ತ ಕೂಡಿದಾಗ ಅದನ್ನಿಡಲು ‘ಸಮ್’ ಎಂಬ ಹೆಸರನ್ನೇ ಬಳಸಿದ್ದಳಂತೆ. “ಆದರೆ ಆ ಸೆಲ್ ಅಳಿಸಿಬಿಟ್ಟಿದ್ದೀನಲ್ಲ ಸರ್?” ಅಳಿಸಿದ್ದು ಪರದೆಯಿಂದ ಮಾತ್ರ. ಹಿನ್ನೆಲೆಯಲ್ಲಿ ಓಡುತ್ತಿದ್ದ ಕರ್ನಲ್‌ನ ಮೆಮೊರಿಯಲ್ಲಿ ಹೆಸರು ಹಾಗೇ ಕೂತಿತ್ತು. ಪೈಥಾನ್ ಹೆಸರು ಹುಡುಕುವುದು ಒಳಗಿನಿಂದ ಹೊರಕ್ಕೆ: ಮೊದಲು ಆ ಫಂಕ್ಷನ್ನಿನೊಳಗೆ, ಬಳಿಕ ಅದನ್ನು ಸುತ್ತುವರಿದ ಫಂಕ್ಷನ್ನಿನಲ್ಲಿ, ಆಮೇಲೆ ಗ್ಲೋಬಲ್, ಕಟ್ಟಕಡೆಗೆ ಬಿಲ್ಟ್‌ಇನ್. ಮನೆಯೊಳಗಿನ ರಾಮಣ್ಣನೇ ಓಗೊಟ್ಟರೆ ಕೂಗು ಊರಾಚೆಯ ರಾಮಣ್ಣನ ತನಕ ಹೋಗುವುದಿಲ್ಲ.

‘ಡೆಲ್ ಸಮ್’ ಎಂಬ ಒಂದು ಸಾಲು ಓಡಿಸಿದ್ದೇ ತಡ, ಅಸಲಿ ಸಮ್ ಹಾಜರು. ಕರ್ನಲ್ ರೀಸ್ಟಾರ್ಟ್ ಮಾಡಿದ್ದರೂ ಸರಿಹೋಗುತ್ತಿತ್ತು ಅನ್ನಿ. ಆದರೆ ಕಳ್ಳ ಸಿಗುತ್ತಿರಲಿಲ್ಲ.

‘ಇಫ್’, ‘ಫಾರ್’ ಮುಂತಾದ ಕೀವರ್ಡ್‌ಗಳಿಗೆ ಏನಾದರೂ ಬೆಲೆ ಕೊಡಲು ಹೋದರೆ ಪೈಥಾನ್ ಅಲ್ಲೇ ತಡೆಯುತ್ತದೆ. ‘ಸಮ್’, ‘ಲಿಸ್ಟ್’, ‘ಮ್ಯಾಕ್ಸ್’‌ಗಳಿಗೆ ಆ ಕಾವಲಿಲ್ಲ. 2008ರಲ್ಲಿ ಪೈಥಾನ್ 3 ಬಂದಾಗ ‘ಪ್ರಿಂಟ್’ ಕೂಡ ಕೀವರ್ಡ್ ಪಟ್ಟ ಕಳೆದುಕೊಂಡು ಇವುಗಳ ಸಾಲಿಗೆ ಸೇರಿತು. 2019ರ 3.8ರಿಂದೀಚೆಗೆ, ಎರಡು ಟ್ಯೂಪಲ್‌ಗಳ ನಡುವೆ ಅಲ್ಪವಿರಾಮ ಬಿಟ್ಟುಹೋಗಿ ಇದೇ ದೋಷ ಬರುವಂತಿದ್ದರೆ, ಕಾಮಾ ಮರೆತಿರಾ ಎಂದು ಪೈಥಾನ್ ಮೊದಲೇ ಕೇಳುತ್ತದೆ. ಹೆಸರು ಮರೆಯಾದದ್ದಕ್ಕೆ ಮಾತ್ರ ಅಂಥ ಉಪಕಾರವಿಲ್ಲ. ಮೇಲಿನ ಸಾಲುಗಳಲ್ಲಿ ನಾವೇ ತಡಕಬೇಕು.

ಅಂದಹಾಗೆ, ಪೈಥಾನ್ 3 ಕನ್ನಡ ಲಿಪಿಯ ಹೆಸರುಗಳನ್ನೂ ಒಪ್ಪುತ್ತದೆ. ಆಕೆ ‘ಮೊತ್ತ’ ಎಂದು ಬರೆದಿದ್ದರೆ ಯಾವ ಬಿಲ್ಟ್‌ಇನ್‌ಗೂ ಅದು ಅಡ್ಡ ಬರುತ್ತಿರಲಿಲ್ಲ.