ಪೆನ್ ಡ್ರೈವ್ ಕೀಳುವ ಮುನ್ನ

ಡಿಟಿಪಿ ಅಂಗಡಿಯಿಂದ ಪ್ರೆಸ್ಸಿಗೆ ಪುಸ್ತಕದ ಪುಟಗಳು, ಸ್ಟುಡಿಯೊದಿಂದ ಕಲರ್ ಲ್ಯಾಬಿಗೆ ಮದುವೆಯ ಫೋಟೊಗಳು, ಹಾಸ್ಟೆಲ್ಲಿನಿಂದ ಜೆರಾಕ್ಸ್ ಅಂಗಡಿಗೆ ಪ್ರಾಜೆಕ್ಟ್ ವರದಿ ಇವತ್ತಿಗೂ ಓಡಾಡುವುದು ಪೆನ್ ಡ್ರೈವ್‌ನಲ್ಲೇ. ಕಾಪಿ ಆಯಿತೆಂದು ಅವಸರದಲ್ಲಿ ಕಿತ್ತು ಜೇಬಿಗಿಳಿಸುತ್ತೇವೆ. ಅಲ್ಲಿ ಹೋಗಿ ಹಾಕಿದರೆ ‘ಫಾರ್ಮ್ಯಾಟ್ ಮಾಡಬೇಕು’ ಎನ್ನುತ್ತದೆ ಕಂಪ್ಯೂಟರ್. ವೈರಸ್ ಹೊಕ್ಕಿರಬೇಕು ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಆ ಹಾನಿ ನಾವು ಕಿತ್ತ ಕ್ಷಣದಲ್ಲೇ ಆಗಿರುತ್ತದೆ.

ಹೀಗೆ ಬೇಕೆಂದಾಗ ಹಾಕಿ ಕೀಳುವುದು ಮೊದಲು ಸುಲಭವಿರಲಿಲ್ಲ. ಪ್ರಿಂಟರಿಗೊಂದು, ಮೌಸಿಗೊಂದು, ಕೀಬೋರ್ಡಿಗೊಂದು ಬೇರೆ ಬೇರೆ ಪೋರ್ಟ್ ಇರುತ್ತಿತ್ತು. ಹೊಸದೇನಾದರೂ ಜೋಡಿಸಬೇಕೆಂದರೆ ಹಲವು ವೇಳೆ ಕಂಪ್ಯೂಟರನ್ನೇ ಆಫ್ ಮಾಡಬೇಕಿತ್ತು. ಈ ಗೋಜಲಿಗೆ ಪರಿಹಾರವಾಗಿ 1996ರ ಜನವರಿಯಲ್ಲಿ ಬಂದದ್ದು, ಈಗ ಪೆನ್ ಡ್ರೈವ್ ಚುಚ್ಚುವ ಯುಎಸ್‌ಬಿ. ಅದನ್ನು ರೂಪಿಸಿದ ಇಂಟೆಲ್ ತಂಡದಲ್ಲಿ ಮುಖ್ಯರಾದವರು ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಓದಿದ ಅಜಯ್ ಭಟ್. ಮೊದಲ ಆವೃತ್ತಿಯ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್. 2000ದ ಯುಎಸ್‌ಬಿ 2.0ರಲ್ಲಿ ಅದು 480ಕ್ಕೆ, 2008ರ ಯುಎಸ್‌ಬಿ 3.0ರಲ್ಲಿ 5 ಗಿಗಾಬಿಟ್‌ಗೆ ಏರಿತು.

ಹಳೆಯ ಚಪ್ಪಟೆ ಯುಎಸ್‌ಬಿ ಪಿನ್ನಿನೊಳಗೆ ಒಮ್ಮೆ ಇಣುಕಿ ನೋಡಿ. ಹೊಳೆಯುವ ನಾಲ್ಕು ಪಟ್ಟಿಗಳಿವೆ. ಅಂಚಿನ ಎರಡು ಕರೆಂಟಿಗೆ, ನಡುವಿನ ಎರಡು ಮಾಹಿತಿಗೆ. ಅಂಚಿನವು ತುಸು ಉದ್ದ. ಹಾಗಾಗಿ ಚುಚ್ಚುವಾಗ ಮೊದಲು ಕರೆಂಟು ಸೇರುತ್ತದೆ, ಆಮೇಲೆ ಮಾಹಿತಿಯ ತಂತಿಗಳು. ಕೀಳುವಾಗ ಮಾಹಿತಿ ಮೊದಲು ಕಡಿಯುತ್ತದೆ, ಕರೆಂಟು ಕೊನೆಗೆ. ಕಂಪ್ಯೂಟರ್ ಆನ್ ಇರುವಾಗಲೇ ಜೋಡಿಸಿ ತೆಗೆಯಲು ಮಾಡಿದ ಜಾಣ ಏರ್ಪಾಡು ಇದು. ಆದರೆ ಇದು ಕಾಯುವುದು ಯಂತ್ರವನ್ನು ಮಾತ್ರ. ಒಳಗಿನ ಫೈಲ್ ಕಾಯುವ ಹೊಣೆ ನಮ್ಮದು.

ಕಾರಣ ಸರಳ. ಪೆನ್ ಡ್ರೈವ್ ಬರೆದುಕೊಳ್ಳುವ ವೇಗ ಕಂಪ್ಯೂಟರಿನ ಮೆಮೊರಿಗಿಂತ ಬಹಳ ಕಡಿಮೆ. ನಮ್ಮನ್ನು ಕಾಯಿಸಬಾರದೆಂದು ಕಂಪ್ಯೂಟರ್ ಮಾಹಿತಿಯನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು, ‘ಕಾಪಿ ಆಯಿತು’ ಎಂದು ತೋರಿಸಿ, ಉಳಿದದ್ದನ್ನು ಹಿಂದಿನಿಂದ ಬರೆಯುತ್ತಿರಬಹುದು. ಫೈಲಿನ ಜೊತೆಗೆ, ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯನ್ನೂ ಅದು ತಿದ್ದಬೇಕು. ಗ್ರಂಥಾಲಯದಲ್ಲಿ ಕ್ಯಾಟಲಾಗ್ ಹರಿದರೆ ಪುಸ್ತಕ ಕಪಾಟಿನಲ್ಲಿದ್ದೂ ಕೈಗೆ ಸಿಗದು. ಈ ಪಟ್ಟಿ ಅರ್ಧ ಬರೆದಿರುವಾಗ ಡ್ರೈವ್ ಕಿತ್ತರೆ ಆಗುವುದೂ ಅದೇ: ಹೊಸ ಫೈಲ್ ಒಂದೇ ಅಲ್ಲ, ಹಿಂದಿನಿಂದ ಇದ್ದವೂ ಕಾಣದಾಗಬಹುದು.

2018ರಿಂದೀಚೆಗೆ ವಿಂಡೋಸ್ 10ರಲ್ಲಿ ಪೆನ್ ಡ್ರೈವ್‌ಗಳಿಗೆ ‘ಕ್ವಿಕ್ ರಿಮೂವಲ್’ ತಾನಾಗಿಯೇ ಜಾರಿಯಲ್ಲಿರುತ್ತದೆ; ಮಾಹಿತಿಯನ್ನು ಹೀಗೆ ತಡೆಹಿಡಿಯುವುದು ಕಡಿಮೆ. ಹಾಗೆಂದು ಬರೆಯುತ್ತಿರುವಾಗಲೇ ಕೀಳುವ ಅಪಾಯ ತಪ್ಪಿಲ್ಲ. ಮ್ಯಾಕ್, ಲಿನಕ್ಸ್ ಬಳಸುವವರಂತೂ ಎಜೆಕ್ಟ್ ಮಾಡದೆ, ಅಂದರೆ ಡ್ರೈವ್ ತೆಗೆಯುವುದಾಗಿ ಕಂಪ್ಯೂಟರಿಗೆ ಹೇಳದೆ, ಕೈ ಹಾಕಲೇಬಾರದು.

ಎಜೆಕ್ಟ್ ಮಾಡುವ ಕ್ರಮ ಕಷ್ಟದ್ದೇನಲ್ಲ. ಡ್ರೈವ್‌ನಿಂದ ತೆರೆದ ಫೈಲ್‌ಗಳನ್ನು ಮುಚ್ಚಿ. ವಿಂಡೋಸ್‌ನಲ್ಲಾದರೆ ಪರದೆಯ ಕೆಳಗೆ ಬಲ ಮೂಲೆಯ ಯುಎಸ್‌ಬಿ ಚಿಹ್ನೆಯನ್ನು ಒತ್ತಿ ಎಜೆಕ್ಟ್ ಕೊಡಿ. ತೆಗೆಯಬಹುದೆಂಬ ಸೂಚನೆ ಬಂದ ಮೇಲೆ ಕೀಳಿ. ‘ಬಳಕೆಯಲ್ಲಿದೆ’ ಎಂದರೆ ಯಾವುದೋ ಪ್ರೋಗ್ರಾಂ ಇನ್ನೂ ಅದನ್ನು ಹಿಡಿದುಕೊಂಡಿದೆ. ಅದನ್ನು ಮುಚ್ಚಿ ಮತ್ತೆ ಪ್ರಯತ್ನಿಸಿ. ಒಪ್ಪದಿದ್ದರೆ ಕಂಪ್ಯೂಟರ್ ಶಟ್‌ಡೌನ್ ಮಾಡಿಯೇ ತೆಗೆಯಿರಿ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಆದರೆ, ಒಳಗೆ ತಿರುಗುವ ತಟ್ಟೆ ನಿಲ್ಲುವವರೆಗೆ ಅಲುಗಾಡಿಸಬೇಡಿ.

ಕಷ್ಟಪಟ್ಟು ಬರೆದದ್ದು, ಮತ್ತೆ ಸಿಗದ ಚಿತ್ರ ಏನೇ ಇರಲಿ, ಎಜೆಕ್ಟ್ ಮಾಡಿದ ಡ್ರೈವನ್ನು ಇನ್ನೊಮ್ಮೆ ಹಾಕಿ ಫೈಲ್ ತೆರೆದು ನೋಡಿ. ಅದು ತೆರೆದುಕೊಂಡಿತೆಂದು ಕಂಪ್ಯೂಟರಿನಲ್ಲಿರುವ ಮೂಲ ಪ್ರತಿಯನ್ನು ಅಳಿಸಬೇಡಿ. ಪೆನ್ ಡ್ರೈವ್ ಇರುವುದು ಸಾಗಿಸುವುದಕ್ಕೆ. ಜೋಪಾನ ಮಾಡಲು ಅದೊಂದನ್ನೇ ನಂಬುವಂತಿಲ್ಲ.